ಕೋಣೆಗೆ ಅಂಗಿಯ ಅಳತೆ

ಮಳೆಗಾಲ ಮುಗಿದಿದ್ದರೂ ಗೋಡೆಗಳು ಇನ್ನೂ ಒಣಗದೆ ಇದ್ದ ದಿನಗಳವು. ಬೆಳಗಿನ ಹೊತ್ತು; ಹಾಲು ಕಾಯಿಸಿ ಇಳಿಸಿದ್ದಾಗಿತ್ತು, ಟೀ ಇನ್ನೂ ಆಗಿರಲಿಲ್ಲ. ಆ ನಡುವಿನ ಹೊತ್ತಿನಲ್ಲಿ ಹಿಂದಿನ ಕೋಣೆಯ ಗೋಡೆಯಿಂದ ಅಂಗೈ ಅಗಲದ ಸುಣ್ಣದ ಹಕ್ಕಳೆಯೊಂದು ಕಳಚಿ ನರ್ಸಮ್ಮನ ದಿಂಬಿನ ಮೇಲೆ ಬಿತ್ತು. ಎಲ್ಲ ಶುರುವಾದದ್ದು ಅಲ್ಲಿಂದ.

ನರ್ಸಮ್ಮ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವಳು. ಆ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದು ಎಷ್ಟೋ ವರ್ಷವಾಗಿತ್ತು. ಬಿದ್ದ ಹಕ್ಕಳೆಯನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದು ಮನೆಯೊಡತಿಯ ಮುಂದೆ ಹಿಡಿದಳು. ಕೋಪದ ಮಾತೇನೂ ಆಡಲಿಲ್ಲ. ಗೋಡೆಯ ಥಂಡಿ ವಾಸನೆಗೆ ತನ್ನ ಕೆಮ್ಮು ಬಿಡುತ್ತಿಲ್ಲ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿ ಬಿದ್ದಿದೆ, ಸದ್ಯಕ್ಕೆ ಅಕ್ಕನ ಮಗಳ ಬಾಣಂತನಕ್ಕೆ ಹೋಗುತ್ತಿದ್ದೇನೆ, ಭಾನುವಾರ ಬಂದು ಯೋಚನೆ ಮಾಡುತ್ತೇನೆ ಎಂದಷ್ಟೇ ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೋದಳು.

'ಯೋಚನೆ ಮಾಡುತ್ತೇನೆ' ಎಂಬ ಮಾತು ಮನೆಯೊಡತಿಯ ಎದೆಗೆ ನಾಟಿತು. ಯಾಕೆಂದರೆ ಆ ಮನೆಯಲ್ಲಿ ಆಕೆಗೆ ಮಾತಾಡಲು ಸಿಗುತ್ತಿದ್ದ ಜೀವವೆಂದರೆ ನರ್ಸಮ್ಮ ಒಬ್ಬಳೇ. ಗಂಡ ದರ್ಜಿ. ಬೆಳಗಿನಿಂದ ಸಂಜೆಯವರೆಗೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯ. ಏನು ಕೇಳಿದರೂ ಮೂಗಿನಿಂದ ಒಂದು ಶಬ್ದ ಬರುತ್ತಿತ್ತೇ ಹೊರತು ಬಾಯಿಂದ ಉತ್ತರ ಬರುತ್ತಿರಲಿಲ್ಲ. ಇನ್ನೊಬ್ಬ ಇದ್ದದ್ದು ಆಕೆಯ ತಮ್ಮ. ಬೇಸಿಗೆಯಲ್ಲಿ ಒಂದು ಪ್ಯಾಂಟು ಹೊಲಿಸಿಕೊಂಡು ಹೋಗಲು ಬಂದವನು. ನೆಂಟರ ಬಟ್ಟೆ ಎಲ್ಲರದ್ದು ಮುಗಿದ ಮೇಲೆ ಎಂಬುದು ದರ್ಜಿಗಳ ನಿಯಮ, ಎಲ್ಲರದ್ದೂ ಮುಗಿಯುವುದು ಎಂಬುದು ಆ ಕಸುಬಿನಲ್ಲಿ ಇಲ್ಲ. ಹೀಗಾಗಿ ಪ್ಯಾಂಟಿನ ಬಟ್ಟೆ ಕಪಾಟಿನ ಮೇಲೆ ಮಡಿಸಿಟ್ಟಲ್ಲೇ ಇತ್ತು, ತಮ್ಮ ಮುಂದಿನ ಕೋಣೆಯ ಮಂಚದ ಮೇಲೆ ಬಿದ್ದಲ್ಲೇ ಇದ್ದ. ಆತ ಮಾತಾಡುತ್ತಿದ್ದ, ಅದು ಸುಳ್ಳಲ್ಲ. ಆದರೆ ಆಡುತ್ತಿದ್ದದ್ದೆಲ್ಲ ಊಟಕ್ಕೆ ಎಷ್ಟು ಹೊತ್ತು ಎಂಬ ಒಂದೇ ಮಾತು.

ಆದ್ದರಿಂದ ಆಕೆ ಗಂಡನ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ ಹೇಳಿದಳು: "ನೋಡಿ. ಭಾನುವಾರ ನರ್ಸಮ್ಮ ಬರೋದರೊಳಗೆ ಆ ಕೋಣೆಗೆ ಬಣ್ಣ ಆಗಿರಬೇಕು. ಅವಳೇನಾದ್ರೂ ಕ್ವಾರ್ಟರ್ಸಿಗೆ ಹೋದ್ಲೋ, ಆಮೇಲೆ ಈ ಮನೇಲಿ ನಾನು ಈ ಮಿಷಿನ್ ಹತ್ರಾನೇ ಮಾತಾಡಬೇಕು."

ದರ್ಜಿ ಮೂಗಿನಿಂದ ಶಬ್ದ ಮಾಡಿದ. ಒಪ್ಪಿದ ಶಬ್ದವೇ.

ಇಲ್ಲಿ ದರ್ಜಿಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಬೀದಿಯಲ್ಲಿ ಅವನ ಸ್ವಂತ ಹೆಸರು ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವನು ಅಂದಾಜಪ್ಪ. ಎದುರಿನ ರಸ್ತೆಯಲ್ಲಿ ಅವಸರದಿಂದ ಹೋಗುತ್ತಿರುವವನನ್ನು ಕಣ್ಣಂಚಿನಲ್ಲಿ ನೋಡಿಯೇ ಅವನ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಹೇಳಿಬಿಡುತ್ತಿದ್ದ. ಹೇಳಿದ್ದು ಹೆಚ್ಚಾಗಿರಬಹುದು, ಕಡಿಮೆ ಬಿದ್ದದ್ದೆಂಬುದಿಲ್ಲ. ಗಿರಾಕಿಯನ್ನು ಮತ್ತೆ ಅಂಗಡಿಗೆ ಕಳಿಸಿ, ಇನ್ನೊಂದು ಗೇಣು ಬಟ್ಟೆ ತಾ ಎನ್ನುವ ದರ್ಜಿಯ ಕೈಯಲ್ಲಿ ಕತ್ತರಿ ಇರಬಾರದು ಎಂಬುದು ಅವನ ಖಚಿತ ಅಭಿಪ್ರಾಯ. ಇಂಥ ಮನುಷ್ಯನಿಗೆ ನಾಲ್ಕು ಗೋಡೆಯ ಒಂದು ಕೋಣೆ ಯಾವ ಲೆಕ್ಕ? ಅದು ಓಡಾಡುವುದೂ ಇಲ್ಲ, ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡುವುದೂ ಇಲ್ಲ.

ಅಂದಾಜಪ್ಪ ಹಿಂದಿನ ಕೋಣೆಯ ನಡುವೆ ನಿಂತು, ಹೊಸ ಗಿರಾಕಿಯನ್ನು ನೋಡುವಂತೆ ಅದನ್ನು ಮೇಲಿಂದ ಕೆಳಕ್ಕೆ ನೋಡಿದ. ಎದೆ ಅಗಲ ಎಂದುಕೊಂಡ. ಒಂದು ಮೂಲೆಯಲ್ಲಿ ಗೋಡೆ ಹೊರಕ್ಕೆ ಉಬ್ಬಿತ್ತು. ಹೊಟ್ಟೆ ಇದೆ ಎಂದುಕೊಂಡ. ಹೆಂಡತಿಯ ಕೈಗೆ ಟೇಪಿನ ತುದಿ ಕೊಟ್ಟು, ಕೋಣೆಯ ಸುತ್ತಳತೆ ಹಿಡಿದ, ಉದ್ದ ಹಿಡಿದ, ಕಿವಿಯ ಸಂದಿಯಲ್ಲಿದ್ದ ಚಾಕ್ ತೆಗೆದು ಅಲ್ಲೇ ಗೋಡೆಯ ಮೇಲೆ ಬರೆದುಕೊಂಡ.

ಹೆಂಡತಿಗೆ ಒಂದು ಸಣ್ಣ ಸಂಶಯ ಬಂತು. ಬಾಗಿಲು ಇರುವ ಜಾಗಕ್ಕೆ ಬಣ್ಣ ಬೇಡವಲ್ಲ, ಅಷ್ಟು ಕಳೆಯಬಹುದಲ್ಲ ಎಂದಳು. ಅಂದಾಜಪ್ಪ ಮರುಕದಿಂದ ಅವಳನ್ನು ನೋಡಿ, ಇಂಥ ಹೊತ್ತಿಗೆಂದೇ ಗುಂಡುಸೂಜಿಗಳನ್ನು ಬಾಯಿಂದ ತೆಗೆದ. "ಬಾಗಿಲು ಅಂದ್ರೆ ಕುತ್ತಿಗೆ ಕಣೇ. ಕುತ್ತಿಗೆ ಕತ್ತರಿಸ್ತೀವಿ ಅಂತ ಬಟ್ಟೆ ಕಡಿಮೆ ತರ್ತೀವಾ? ಮೊದಲು ಪೂರ್ತಿ ತರಬೇಕು. ಕತ್ತರಿಸೋದು ಆಮೇಲೆ."

ಮುಂದೆ ಕಿಟಕಿ ಬಂತು. ಅದು ಗುಂಡಿಯ ಕಾಜ. ಅದರ ಸುತ್ತ ಪಟ್ಟಿ ಕೂರಿಸಬೇಕು, ಅದಕ್ಕಿಷ್ಟು ಸೇರಿತು. ಗೋಡೆಯಲ್ಲಿ ಪುಸ್ತಕ ಇಡುವ ಗೂಡೊಂದಿತ್ತು. ಅದು ಜೇಬು. ಜೇಬಿಗೆ ಒಳಗೂ ಬಟ್ಟೆ, ಹೊರಗೂ ಬಟ್ಟೆ, ಎರಡರಷ್ಟು ಸೇರಿತು. ಗೋಡೆಗೆ ಗೋಡೆ ಕೂಡುವ ಮೂಲೆಗಳೆಲ್ಲ ಹೊಲಿಗೆ. ಹೊಲಿಗೆಯ ಒಳಗೆ ಎರಡೆರಡು ಬೆರಳು ಬಿಡದಿದ್ದರೆ ನಾಳೆ ಬಿಚ್ಚಿಕೊಂಡೀತು. ಮೇಲ್ಛಾವಣಿಗೆ ಟೋಪಿಯ ಲೆಕ್ಕ. ಕೊನೆಗೆ, ಏನೇ ಆದರೂ ಮೊದಲ ಒಗೆತಕ್ಕೆ ಒಂದಿಷ್ಟು ಕುಗ್ಗುವುದು ಇದ್ದೇ ಇರುತ್ತದೆ ಎಂದು ಎಲ್ಲದರ ಮೇಲೆ ಒಂದು ಪಾಲು ಹಾಕಿದ. ಅದರ ಮೇಲೂ ಅಭ್ಯಾಸಬಲದಿಂದ ಒಂದು ಹಿಡಿ ಸೇರಿಸುತ್ತಿದ್ದಾಗ ಹೆಂಡತಿ ಇದು ಯಾತಕ್ಕೆ ಎಂದು ಕೇಳಿದಳು. ಮಕ್ಕಳ ಅಂಗಿಗೆ ಬೆಳವಣಿಗೆಗೆಂದು ಬಿಡುವುದು ಎಂದ.

"ಕೋಣೆ ಬೆಳೆಯುತ್ತೇನ್ರೀ?"

ಅಂದಾಜಪ್ಪ ಸ್ವಲ್ಪ ಹೊತ್ತು ಕೋಣೆಯನ್ನೇ ನೋಡಿದ. "ಬೆಳೆಯಲ್ಲ," ಎಂದು ಒಪ್ಪಿಕೊಂಡ. "ಹಾಗಂತ ಸಣ್ಣದೂ ಆಗಲ್ಲವಲ್ಲ." ಹಿಡಿಯನ್ನು ಉಳಿಸಿಕೊಂಡ.

ಮುಂದಿನ ಕೋಣೆಯ ಮಂಚದಿಂದ ಬಾಮೈದನ ದನಿ ಬಂತು. ಭಾವ ಹೇಳಿದರೆ ಸರಿಯಾಗೇ ಇರುತ್ತದೆ ಎಂದು ಅವನ ಅಭಿಪ್ರಾಯ. ಭಾವ ಏನು ಹೇಳಿದನೆಂದು ಅವನಿಗೆ ಕೇಳಿಸಿರಲಿಲ್ಲ.

ಬಣ್ಣದಂಗಡಿಯವನು ಎಂಥೆಂಥ ಗಿರಾಕಿಗಳನ್ನೋ ಕಂಡವನು. ಗೋಡೆಯ ಅಳತೆ ಹೇಳಲಾರದೆ ಕೈ ಅಗಲಿಸಿ ತೋರಿಸುವವರನ್ನೂ ನಿಭಾಯಿಸಿದ್ದ. ಅಂದಾಜಪ್ಪ ಮೊದಲು ಒಂದು ಚೂರು ಬಟ್ಟೆ ತೆಗೆದು ಮುಂದಿಟ್ಟ. ಎಳೆ ಸೌತೆಕಾಯಿಯ ಹಸಿರು, ನರ್ಸಮ್ಮನಿಗೆ ಇಷ್ಟವಾದ ಬಣ್ಣ. ಅಲ್ಲಿಯವರೆಗೆ ಎಲ್ಲ ಸಸೂತ್ರವಾಗಿತ್ತು. ಆಮೇಲೆ ಅವನು, ಇದರ ಪನ್ನ ಎಷ್ಟು ಎಂದು ಕೇಳಿದ.

ಪನ್ನ ಎಂದರೆ ತಾನಿನ, ಅಂದರೆ ಬಟ್ಟೆಯ ಸುರುಳಿಯ, ಅಗಲ. ದರ್ಜಿಗಳು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಅದು; ಅದು ತಿಳಿಯದೆ ಎಷ್ಟು ಕತ್ತರಿಸಬೇಕೆಂದು ಹೇಳುವುದು ಸಾಧ್ಯವೇ ಇಲ್ಲ. ಬಣ್ಣದಂಗಡಿಯವನು ತನ್ನ ಜನ್ಮದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ.

"ಬಣ್ಣಕ್ಕೆ ಅಗಲ ಇರಲ್ಲ ಯಜಮಾನ್ರೇ. ಡಬ್ಬಿಯಲ್ಲಿರುತ್ತೆ. ನೀವು ಎಷ್ಟು ಅಗಲ ಬಳಿದ್ರೆ ಅಷ್ಟು."

ಅಂದಾಜಪ್ಪನ ಮುಖ ಗಂಭೀರವಾಯಿತು. ಪನ್ನವೇ ಇಲ್ಲದ ಸರಕು ಎಂದರೆ ನಂಬುವಂಥದ್ದಲ್ಲ. ಇನ್ನಷ್ಟು ಹುಷಾರಾಗಿರಬೇಕು ಎಂದು ಮನಸ್ಸಿನಲ್ಲೇ ಇನ್ನೊಂದು ಪಾಲು ಸೇರಿಸಿದ. ಅಂಗಡಿಯವನು ಪಾಪ, ಒಳ್ಳೆಯದಕ್ಕೇ, ಹಳೆಯ ಗೋಡೆಯಾದರೆ ಬಣ್ಣ ಕುಡಿಯುತ್ತದೆ ಎಂದ. ಅಂದಾಜಪ್ಪ ಅದನ್ನೂ ಸೇರಿಸಿದ. ಎರಡು ಸಲ ಬಳಿಯಬೇಕು ಎಂದೂ ಅಂಗಡಿಯವನು ಹೇಳಿದ. ಒಳಗೊಂದು ಅಸ್ತರು, ಮೇಲೊಂದು ಬಟ್ಟೆ, ಅದು ಗೊತ್ತಿರುವ ವಿಷಯವೇ ಎಂದು ಅಂದಾಜಪ್ಪ ಇಡೀ ಮೊತ್ತವನ್ನು ಎರಡರಷ್ಟು ಮಾಡಿದ. ನಿಜ ಹೇಳಬೇಕೆಂದರೆ ಗೊತ್ತಿಲ್ಲ, ನೀವೇ ಹೇಳಿ ಎಂದು ಅಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಂದಾಜಪ್ಪ ಎಂಬ ಹೆಸರು ಹೊತ್ತವನು ಬೇರೆಯವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಆ ಮಾತು ಹೇಗೆ ಆಡುತ್ತಾನೆ?

"ಹತ್ತು ಬಕೆಟ್ ಕೊಡಿ," ಎಂದ. "ದೊಡ್ಡದು. ಎಲ್ಲ ಒಂದೇ ತಾನಿನದ್ದಿರಲಿ. ಆಮೇಲೆ ತಂದ್ರೆ ಬಣ್ಣ ಕೂಡಲ್ಲ."

ಈ ಕೊನೆಯ ಮಾತಿಗೆ ಅಂಗಡಿಯವನು ಬೆರಗಾದ. ಒಂದೇ ಸಲ ಕಲಸಿದ ಬಣ್ಣ ಬೇಕೆಂದು ಕೇಳುವವನು ದೊಡ್ಡ ಕಂಟ್ರಾಕ್ಟರನೇ ಇರಬೇಕು. ಈ ಪನ್ನ ಎನ್ನುವುದೂ ಅಂಥವರ ನಡುವಿನ ಹೊಸ ಮಾತಿರಬೇಕು. ಕುರ್ಚಿ ಹಾಕಿಸಿದ, ಟೀ ತರಿಸಿದ. ಕಲಸಿದ ಬಣ್ಣ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ವಿನಯದಿಂದಲೇ ತಿಳಿಸಿದ. ಕತ್ತರಿಸಿದ ಬಟ್ಟೆ ಯಾರು ತೆಗೆದುಕೊಳ್ಳುತ್ತಾರೆ, ಸರಿಯೇ ಎಂದು ಅಂದಾಜಪ್ಪ ಟೀ ಕುಡಿದ.

ಬಕೆಟ್ಟುಗಳು ಬಂದದ್ದು ತಳ್ಳುಗಾಡಿಯಲ್ಲಿ. ಬೀದಿಯವರೆಲ್ಲ ಹೊಸ್ತಿಲಿಗೆ ಬಂದರು. ಪಕ್ಕದ ಮನೆಯ ಸೂಪರಿಂಟೆಂಡೆಂಟರಂತೂ ತಮ್ಮ ಹಳದಿ ಗೇಟಿನವರೆಗೆ ಬಂದರು. ಅವರು ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದವರು. ನಿವೃತ್ತರಾದ ಸಂಗತಿ ಕಚೇರಿಗೆ ಗೊತ್ತಿತ್ತು, ಅವರ ಮನಸ್ಸಿಗೆ ಇನ್ನೂ ಮುಟ್ಟಿರಲಿಲ್ಲ. ಬೀದಿಯಲ್ಲಿ ಯಾವ ಗಾಡಿ ಬಂದರೂ ನಿಲ್ಲಿಸಿ ವಿಚಾರಿಸುವುದು ತಮ್ಮ ಜವಾಬ್ದಾರಿ ಎಂದು ತಿಳಿದಿದ್ದರು. ಬಕೆಟ್ಟುಗಳನ್ನು ಬೆರಳು ಮಾಡಿ ಎಣಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಎಣಿಸಿ, ಯಾವ ಕೆಲಸಕ್ಕೆ ಎಂದು ಕೇಳಿದರು. ಹಿಂದಿನ ಕೋಣೆಗೆ ಎಂದ ಅಂದಾಜಪ್ಪ.

ಸೂಪರಿಂಟೆಂಡೆಂಟರು ನಕ್ಕರು. ಆ ನಗು ಅಂದಾಜಪ್ಪನಿಗೆ ಕುಟುಕಿತು; ಏನೋ ಎಡವಟ್ಟಾಗಿದೆ ಎಂದು ಆಗ ಮೊದಲ ಸಲ ಅನ್ನಿಸಿತು.

"ಒಂದು ಕೋಣೆಗೆ ಇಷ್ಟು ಯಾರೂ ತರಲ್ಲ," ಎಂದರು ಅವರು, ದನಿ ತಗ್ಗಿಸಿ. "ನನ್ನ ಹತ್ರ ಮುಚ್ಚಿಡಬೇಡಿ. ಮನೆ ಮಾರ್ತಾ ಇದ್ದೀರಿ ತಾನೇ? ಬಣ್ಣ ಬಳಿದು ತೋರಿಸಿದ್ರೆ ಒಳ್ಳೆ ಗಿರಾಕಿ ಬರ್ತಾನೆ ಅಂತ."

ಅಲ್ಲ ಎನ್ನಬೇಕಾದರೆ ಮತ್ತೆ ಇಷ್ಟೊಂದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ಅಂದಾಜಪ್ಪ ಮೇಲ್ಜೇಬಿನಿಂದ ಗುಂಡುಸೂಜಿ ತೆಗೆದು ಒಂದೊಂದಾಗಿ ಬಾಯಲ್ಲಿಟ್ಟುಕೊಂಡ. "ಎಲ್ಲ ಮುಗಿದ ಮೇಲೆ ನಿಮಗೇ ಗೊತ್ತಾಗುತ್ತೆ," ಎಂದು ಸೂಜಿಗಳ ಸಂದಿಯಿಂದ ಹೇಳಿ, ಅರ್ಥವಿರುವವನಂತೆ ಮುಗುಳ್ನಕ್ಕು, ಒಳಗೆ ಹೋದ. ಆ ಮುಗುಳ್ನಗೆಗೆ ಯಾವ ಅರ್ಥವೂ ಇರಲಿಲ್ಲ. ಸೂಪರಿಂಟೆಂಡೆಂಟರು ಮಾತ್ರ ಅದಕ್ಕೆ ಪೂರ್ತಿ ಅರ್ಥ ಹಚ್ಚಿ, ಮಧ್ಯಾಹ್ನದ ಊಟದೊಳಗೆ ಬೀದಿಗೆಲ್ಲ ಹಂಚಿಬಿಟ್ಟರು.

ದರ್ಜಿಯಾದವನು ತನ್ನ ಬಟ್ಟೆಯನ್ನು ಇನ್ನೊಬ್ಬನ ಕೈಗೆ ಕೊಡುವುದಿಲ್ಲ. ಅಂದಾಜಪ್ಪ ತಾನೇ ಬಳಿಯಲು ನಿಂತ. ಹಕ್ಕಳೆ ಕೆರೆದ, ಉಜ್ಜಿದ, ಒಂದು ಸಲ ಬಳಿದ, ಒಣಗಿದ ಮೇಲೆ ಇನ್ನೊಂದು ಸಲ ಬಳಿದ. ಕೋಣೆ ಕಳೆಕಳೆಯಾಯಿತು. ಗೋಡೆಯ ಮೇಲೆ ಚಾಕಿನಲ್ಲಿ ಬರೆದಿದ್ದ ಅವನ ಲೆಕ್ಕವೆಲ್ಲ ಬಣ್ಣದ ಅಡಿ ಹೋಯಿತು, ಹಾಗಾಗಿ ಎಲ್ಲಿ ತಪ್ಪಿತೆಂದು ಇನ್ನು ಬ್ರಹ್ಮನಿಗೂ ಹೇಳಲಾಗುತ್ತಿರಲಿಲ್ಲ. ತಪ್ಪಿದ್ದಂತೂ ಎದುರಿಗೇ ಇತ್ತು. ಒಂದು ಬಕೆಟ್ಟು ಮುಗಿದಿತ್ತು. ಎರಡನೆಯದರಲ್ಲಿ ಸ್ವಲ್ಪ ಇಳಿದಿತ್ತು. ಉಳಿದವು ನಡುಮನೆಯಲ್ಲಿ ಸಾಲಾಗಿ ಕೂತಿದ್ದವು, ಊಟಕ್ಕೆ ಬಂದು ಎಲೆ ಬೀಳದೆ ಕಾಯುತ್ತಿರುವವರ ಹಾಗೆ.

ಅಂದಾಜಪ್ಪ ಅವುಗಳನ್ನು ಬಹಳ ಹೊತ್ತು ನೋಡಿದ. ಗೋಡೆ ಕುಡಿಯುತ್ತದೆ ಅಂದರು, ಇದು ಬಾಯಿ ಸಹ ತೆರೆಯಲಿಲ್ಲವಲ್ಲ ಎಂದು ಗೋಡೆಯ ಮೇಲೇ ಬೇಜಾರು ಮಾಡಿಕೊಂಡ. ಹೆಂಡತಿ ಬಂದು ಬಕೆಟ್ಟುಗಳನ್ನು ನೋಡಿ, ಗಂಡನನ್ನು ನೋಡಿ, ಬಾಯಿ ತೆರೆಯುವುದರೊಳಗೆ ಅವನು ಹೇಳಿಬಿಟ್ಟ: ಕೋಣೆಯೊಂದಕ್ಕೇ ಬಳಿದರೆ ಉಳಿದ ಮನೆ ಹಳತಾಗಿ ಕಾಣುತ್ತದೆ, ನಾನು ಮೊದಲಿಂದಲೂ ಎಲ್ಲಕ್ಕೂ ಸೇರಿಸಿಯೇ ತಂದದ್ದು. ನರ್ಸಮ್ಮನ ಕೋಣೆ ಆಗಿದೆಯಲ್ಲ ಎಂದು ಆಕೆಯೂ ಬಿಟ್ಟಳು.

ಉಳಿದ ಬಟ್ಟೆಯನ್ನು ಯಾವ ದರ್ಜಿಯೂ ಬಿಸಾಡುವುದಿಲ್ಲ. ಅದರಲ್ಲಿ ಟೋಪಿ ಆಗುತ್ತದೆ, ದಿಂಬಿನ ಚೀಲ ಆಗುತ್ತದೆ. ಅಂದಾಜಪ್ಪ ಅಡುಗೆಮನೆಗೆ ಬಳಿದ, ನಡುಮನೆಗೆ ಬಳಿದ, ಬಚ್ಚಲಿಗೆ ಬಳಿದ, ಗೇಟಿಗೆ ಬಳಿದ, ಹೊಲಿಗೆ ಯಂತ್ರದ ಕಾಲುಗಳಿಗೆ ಬಳಿದ. ಮುಂದಿನ ಕೋಣೆಗೆ ಬಂದಾಗ ಮಾತ್ರ ಮಂಚ ಅಡ್ಡವಾಯಿತು. ಬಾಮೈದ ಮಲಗಿದ್ದಲ್ಲಿಂದಲೇ, "ಬಳೀರಿ ಭಾವ, ಅದಕ್ಕೇನಂತೆ. ನಾನು ಎದ್ದ ಮೇಲೆ ಬಳೀರಿ," ಎಂದ. ಅವನು ಏಳಲಿಲ್ಲ. ಊಟಕ್ಕೆದ್ದಾಗ ಅಂದಾಜಪ್ಪನೂ ಊಟಕ್ಕೆ ಕೂತಿರುತ್ತಿದ್ದ. ಹೀಗೆ ಆ ಇಡೀ ಮನೆಯಲ್ಲಿ ಬಣ್ಣ ಕಾಣದೆ ಉಳಿದದ್ದು ಅದೊಂದೇ ಕೋಣೆ.

ಇಷ್ಟಾದರೂ ಬಕೆಟ್ಟುಗಳು ಅರ್ಧಕ್ಕೂ ಹೆಚ್ಚು ಹಾಗೇ ಇದ್ದವು. ಅಂದಾಜಪ್ಪ ಸೂಪರಿಂಟೆಂಡೆಂಟರ ಕಾಂಪೌಂಡಿನ ಕಡೆ ಕಣ್ಣು ಹಾಯಿಸಿದ. ನಮ್ಮ ಗೋಡೆ ಹೊಸದಾಗಿ ನಿಮ್ಮದು ಹೀಗಿದ್ದರೆ ಚೆನ್ನಾಗಿರುವುದಿಲ್ಲ, ಒಂದು ಬಕೆಟ್ ನನ್ನ ಕಡೆಯಿಂದ ಇರಲಿ ಎಂದ. ಸೂಪರಿಂಟೆಂಡೆಂಟರು ಇದನ್ನು ಬೀಳ್ಕೊಡುಗೆಯ ಉಡುಗೊರೆ ಎಂದೇ ತಿಳಿದು, ಕಣ್ಣು ಒದ್ದೆ ಮಾಡಿಕೊಂಡು ತೆಗೆದುಕೊಂಡರು. ಹೋಗುವ ಮನುಷ್ಯ ಎಲ್ಲರಿಗೂ ಬಣ್ಣ ಕೊಡುತ್ತಿದ್ದಾನೆ ಎಂದು ಸುದ್ದಿಯಾಯಿತು. ಎದುರುಮನೆಯವರು ಪಾತ್ರೆ ತಂದರು, ಅದರಾಚೆಯವರು ಕೊಡ ತಂದರು. ಅಂದಾಜಪ್ಪ ಒಬ್ಬೊಬ್ಬರ ಗೋಡೆಯನ್ನೂ ಒಂದು ಕಣ್ಣು ಮುಚ್ಚಿ ನೋಡಿ, ನಿಮಗೆ ಇಷ್ಟು ಬೇಕಾಗುತ್ತದೆ ಎಂದು ಅಂದಾಜು ಹೇಳಿ ಸುರಿದುಕೊಟ್ಟ. ಅವರೆಲ್ಲರಿಗೂ ಉಳಿಯಿತು. ಉಳಿದದ್ದನ್ನು ಅವರು ಸೈಕಲ್ಲಿಗೆ, ನೀರಿನ ಡ್ರಮ್ಮಿಗೆ, ಕೋಳಿಗೂಡಿಗೆ ಬಳಿದರು. ಶನಿವಾರದ ಹೊತ್ತಿಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಳೆ ಸೌತೆಕಾಯಿ ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ. ಅಂಚೆಯವನು ಒಂದೇ ಕಾಗದವನ್ನು ಹಿಡಿದುಕೊಂಡು ಬೆಳಗಿನಿಂದ ಓಡಾಡುತ್ತಿದ್ದ.

ಕೊನೆಗೆ ಎರಡು ಬಕೆಟ್ ಉಳಿದಿದ್ದಾಗ ಆಸ್ಪತ್ರೆಯ ಸ್ಟೋರ್‌ಕೀಪರ್ ಬಂದ. ಆಸ್ಪತ್ರೆಯ ಪರದೆ, ದಿಂಬಿನ ಚೀಲ ಹೊಲಿಸಲು ಆಗಾಗ ಬರುವವನು, ಗುರುತಿನ ಮನುಷ್ಯ. ಮುಖದಲ್ಲಿ ಸಾವಿನ ಮನೆಗೆ ಬಂದವನ ಕಳೆಯಿತ್ತು. ಎಲ್ಲ ಕೇಳಿದೆ ಅಣ್ಣ, ಏನು ಮಾಡೋಕಾಗುತ್ತೆ ಎಂದ. ಅಂದಾಜಪ್ಪನಿಗೆ ತನ್ನ ಅಂದಾಜು ತಪ್ಪಿದ ಸುದ್ದಿ ಆಸ್ಪತ್ರೆಯವರೆಗೂ ಹೋಯಿತೇ ಎಂದು ಮುಖ ಹುಳ್ಳಗಾಯಿತು. ಏನೂ ಮಾಡೋಕಾಗಲ್ಲ ಎಂದು ತಲೆ ತಗ್ಗಿಸಿದ. ಅಲ್ಲಿ ಒಂದು ಮನೆಗೆ ಅವಸರವಾಗಿ ಬಣ್ಣ ಆಗಬೇಕಿದೆ, ಉಳಿದಿದ್ದರೆ ಕೊಡ್ತೀರಾ ಎಂದು ಸ್ಟೋರ್‌ಕೀಪರ್ ಕೇಳುವುದೇ ತಡ, ಅಂದಾಜಪ್ಪ ಎರಡೂ ಬಕೆಟ್ಟನ್ನು ತಾನೇ ಹೊತ್ತು ಅವನ ಗಾಡಿಗೇರಿಸಿದ. ಯಾವ ಮನೆ, ಯಾರಿಗೆ ಎಂದು ಕೇಳಲಿಲ್ಲ. ಕೇಳಿದರೆ ಅವನು ಮನಸ್ಸು ಬದಲಾಯಿಸಿ ಒಂದೇ ಸಾಕು ಎಂದಾನು ಎಂಬ ಹೆದರಿಕೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನರ್ಸಮ್ಮ ಬಸ್ಸಿಳಿದು ಬಂದಳು. ತಿರುವಿನಲ್ಲಿ ನಿಂತಳು. ತಪ್ಪು ಬೀದಿಗೆ ಬಂದೆ ಎಂದುಕೊಂಡು ಹಿಂದಕ್ಕೆ ಹೋಗಿ ಪಕ್ಕದ ಬೀದಿ ಹೊಕ್ಕಳು. ಅಲ್ಲಿ ಗುರುತಿನ ಮನೆ ಒಂದೂ ಇರಲಿಲ್ಲ. ಮತ್ತೆ ಬಂದಳು. ಹಳದಿ ಗೇಟಿನ ಪಕ್ಕದ್ದು ನಮ್ಮ ಮನೆ ಎಂಬುದು ಅವಳ ಇಷ್ಟು ವರ್ಷದ ಗುರುತು. ಹಳದಿ ಗೇಟು ಎಲ್ಲೂ ಇರಲಿಲ್ಲ. ಆಯಾಸವಾಗಿತ್ತು. ಇದೇ ಇರಬೇಕು ಎಂದು ಒಂದು ಬಾಗಿಲು ನೂಕಿ ಒಳಗೆ ಹೋಗಿ, ಚೀಲ ಇಳಿಸಿ, "ಅಕ್ಕಾ, ಒಂದು ಲೋಟ ನೀರು," ಎಂದಳು.

ನೀರು ತಂದದ್ದು ಸೂಪರಿಂಟೆಂಡೆಂಟರು. ತಂದವರು ನೀರಿನ ಜೊತೆಗೆ, ಗೊತ್ತಿಲ್ಲವೇನಮ್ಮಾ, ಆ ಮನೆ ಮಾರಾಟವಾಯಿತಲ್ಲ ಎಂಬ ಸುದ್ದಿಯನ್ನೂ ಕೊಟ್ಟರು.

ಅಂದಾಜಪ್ಪನ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಪಕ್ಕದ ಮನೆಯಿಂದ ನರ್ಸಮ್ಮ ಹೊರಬಂದದ್ದನ್ನು ಕಂಡು ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ, ಹಿಂದಿನ ಕೋಣೆಯ ಬಾಗಿಲು ತೆಗೆದು, ನೋಡು ಎಂಬಂತೆ ಪಕ್ಕಕ್ಕೆ ನಿಂತಳು. ನರ್ಸಮ್ಮ ಗೋಡೆ ನೋಡಿದಳು. ತನಗೆ ಇಷ್ಟವಾದ ಹಸಿರು. ಏನೋ ಹೇಳಲು ಉಸಿರೆಳೆದುಕೊಂಡಳು, ಹಸಿ ಬಣ್ಣದ ಘಾಟು ಗಂಟಲಿಗೆ ಹೊಡೆದು ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಚೆನ್ನಾಗಿದೆ ಅಕ್ಕ," ಎಂದಳು ಕಣ್ಣೊರೆಸಿಕೊಂಡು. "ಕೊಂಡವರಿಗೆ ಇಷ್ಟ ಆಗುತ್ತೆ. ಮಾರ್ತೀವಿ ಅಂತ ನನಗೊಂದು ಮಾತು ಹೇಳಬಹುದಿತ್ತು. ನಾನೇನು ಬೇಡ ಅಂತಿದ್ನಾ?"

"ಏನು ಮಾರ್ತೀವಿ?" ಎಂದಳು ಆಕೆ.

ಅಷ್ಟರಲ್ಲಿ ಸ್ಟೋರ್‌ಕೀಪರ್ ಬೀಗದ ಕೈ ಹಿಡಿದುಕೊಂಡು ಬಂದ. ಅವನು ನಾಲ್ಕು ಬೇರೆ ಬಾಗಿಲು ತಟ್ಟಿ ಬಂದಿದ್ದ. ಮನೆ ಮಾರಾಟವಾಗುತ್ತಿದೆಯೆಂದು ಕೇಳಿ ನರ್ಸಮ್ಮ ಬೀದಿಗೆ ಬೀಳಬಾರದೆಂದು ಕ್ವಾರ್ಟರ್ಸನ್ನು ಅವಸರವಾಗಿ ಸಿದ್ಧ ಮಾಡಿಸಿದ್ದಾಗಿಯೂ, ಬಣ್ಣ ಸಹ ಬಳಿಸಿದ್ದಾಗಿಯೂ ಸಂತೋಷದಿಂದ ಹೇಳಿದ. ಅದರ ಪುಣ್ಯವೆಲ್ಲ ಅಣ್ಣನದ್ದು, ಎರಡು ಬಕೆಟ್ ಬಣ್ಣ ತಾವೇ ಹೊತ್ತು ಗಾಡಿಗೆ ಹಾಕಿಕೊಟ್ಟರು ಎಂದ.

ಅಂದಾಜಪ್ಪನ ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಬಾಗಿಲಲ್ಲಿ ಸೂಪರಿಂಟೆಂಡೆಂಟರೂ ಬಂದು ನಿಂತಿದ್ದರು, ಅವರ ಹಿಂದೆ ಎದುರುಮನೆಯವರು, ನಿನ್ನೆಯ ಕಾಗದವನ್ನು ಇನ್ನೂ ಹಿಡಿದುಕೊಂಡಿದ್ದ ಅಂಚೆಯವನು. ಅಂದಾಜಪ್ಪನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನು ಮೂಗಿನಿಂದ ಶಬ್ದ ಮಾಡಿ ನೋಡಿದ. ಈ ಸಲ ಅದು ಸಾಲದೆಂದು ಅವನಿಗೇ ತಿಳಿಯಿತು.

"ಸೂಜಿ ತೆಗೀರಿ," ಎಂದಳು ಹೆಂಡತಿ.

ಅವನು ತೆಗೆದ. ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಸಾಲಾಗಿ ಚುಚ್ಚಿದ. ಎಲ್ಲ ತೆಗೆದಾದ ಮೇಲೆ ಇನ್ನೊಂದೇನಾದರೂ ಇದೆಯೇ ಎಂದು ನಾಲಿಗೆಯಿಂದ ಹುಡುಕಿದ. ಇರಲಿಲ್ಲ.

"ಮನೆ ಮಾರ್ತಿಲ್ಲ," ಎಂದ. "ನರ್ಸಮ್ಮ ಹೋಗಲಿ ಅಂತ ಕೊಟ್ಟದ್ದೂ ಅಲ್ಲ. ಬಣ್ಣ ಜಾಸ್ತಿ ಆಯ್ತು. ನಾನು ಕೋಣೆಗೆ ಅಂಗಿ ಅಳತೆ ಹಾಕಿದ್ದೆ." ಯಾರ ಮುಖವನ್ನೂ ನೋಡದೆ ಮುಗಿಸಿದ: "ನನ್ನ ಅಂದಾಜು ತಪ್ಪಿತು."

ಈ ಮಾತನ್ನು ಆ ಬೀದಿ ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಸೂಪರಿಂಟೆಂಡೆಂಟರು, ಹಾಗಾದರೆ ತಮಗೆ ಕೊಟ್ಟ ಬಕೆಟ್ಟು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಮೆಲ್ಲಗೆ ವಿಚಾರಿಸಿದರು.

ನರ್ಸಮ್ಮ ಕೆಮ್ಮನ್ನು ಸೆರಗಿನಲ್ಲಿ ಒತ್ತಿಹಿಡಿದು ಸ್ಟೋರ್‌ಕೀಪರನನ್ನು ಕೇಳಿದಳು: "ಅಲ್ಲಿಗೂ ಇದೇ ಬಣ್ಣಾನಾ?"

"ಇದೇ. ಇಲ್ಲಿಂದಲೇ ಬಂದದ್ದಲ್ವಾ."

"ಯಾವತ್ತು ಬಳಿದ್ರಿ?"

"ಇವತ್ತು ಮಧ್ಯಾಹ್ನ ಮುಗೀತು. ಇನ್ನೂ ಹಸೀನೇ ಇದೆ ನೋಡಿ, ಅಷ್ಟು ಹೊಸದು."

ನರ್ಸಮ್ಮ ಮತ್ತೆ ಕೆಮ್ಮಿದಳು. ಈ ಘಾಟಿನಲ್ಲಿ ತಾನು ಇಲ್ಲೂ ಮಲಗಲಾರೆ, ಅಲ್ಲೂ ಮಲಗಲಾರೆ, ಈ ಬೀದಿಯಲ್ಲಂತೂ ಎಲ್ಲೂ ಮಲಗುವ ಹಾಗಿಲ್ಲ, ವಾಪಸು ಅಕ್ಕನ ಮನೆಗೇ ಹೋಗುತ್ತೇನೆ, ಆಮೇಲೆ ನೋಡೋಣ ಎಂದು ಚೀಲಕ್ಕೆ ಕೈ ಹಾಕಿದಳು. ಅಂದಾಜಪ್ಪನ ಹೆಂಡತಿ ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡಳು. ಬಿಡಲಿಲ್ಲ. ಇಬ್ಬರೂ ಚೀಲ ಹಿಡಿದುಕೊಂಡು ನಿಂತರು. ಅಂದಾಜಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಎಷ್ಟು, ಏನು, ಎಲ್ಲಿ ಎಂದು ಒಂದೂ ಹೊಳೆಯಲಿಲ್ಲ.

ಆಗ ಮುಂದಿನ ಕೋಣೆಯಿಂದ ಬಾಮೈದನ ದನಿ ಬಂತು. ಇಷ್ಟೆಲ್ಲ ಜನ ಸೇರಿದ್ದಾರೆ, ಊಟಕ್ಕೆ ಇನ್ನೂ ಎಷ್ಟು ಹೊತ್ತು ಎಂದು.

ಹೆಂಡತಿ ತಲೆಯೆತ್ತಿದಳು. ಚೀಲ ಬಿಡದೆಯೇ ಮುಂದಿನ ಕೋಣೆಯ ಬಾಗಿಲಿಗೆ ನಡೆದಳು. ಚೀಲದ ಜೊತೆ ನರ್ಸಮ್ಮನೂ ಬಂದಳು, ಹಿಂದೆ ಉಳಿದವರೆಲ್ಲ ಬಂದರು. ಕೋಣೆ ಹಳೆಯ ಮಾಸಲು ಬಣ್ಣದಲ್ಲಿ ಹಾಗೇ ಇತ್ತು. ದಿನವಿಡೀ ಬಿಸಿಲು ಬೀಳುವ ಕೋಣೆ, ಥಂಡಿ ಇರಲಿಲ್ಲ. ನರ್ಸಮ್ಮ ಬಾಗಿಲಲ್ಲಿ ನಿಂತು ಮೂಗಿನಿಂದ ಮೆಲ್ಲಗೆ ಉಸಿರೆಳೆದು ನೋಡಿದಳು, ಆಮೇಲೆ ಜೋರಾಗಿ ಎಳೆದು ನೋಡಿದಳು. ಕೆಮ್ಮು ಬರಲಿಲ್ಲ.

ಎಲ್ಲರೂ ಮಂಚದ ಕಡೆ ನೋಡಿದರು. ಬಾಮೈದ ಅಷ್ಟೊಂದು ಜನರನ್ನು ಕಂಡು ಗಾಬರಿಯಾಗಿ ಎದ್ದು ಕೂತ. ಅವನು ಊಟದ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂತದ್ದನ್ನು ಅಕ್ಕ ಬೇಸಿಗೆಯ ನಂತರ ಆಗಲೇ ಕಂಡದ್ದು. ಆ ಅವಕಾಶ ಅವಳು ಬಿಡಲಿಲ್ಲ.

"ಏಳು ತಮ್ಮ," ಎಂದಳು. "ಹಿಂದಿನ ಕೋಣೆ ನಿನಗೆ. ಹೊಸ ಬಣ್ಣ ಬಳಿದಿದೆ."

ಬಾಮೈದ ಹಿಂದಿನ ಕೋಣೆಗೆ ಹೋದ. ಮಂಚ ಹೋಗಲಿಲ್ಲ, ಅದು ಬಾಗಿಲಿಗಿಂತ ಅಗಲವಿತ್ತು. ಮಾರನೆಯ ದಿನ ಅವನೂ ಕೆಮ್ಮಿದ. ಅದರ ಮಾರನೆಯ ದಿನ ತಲೆನೋವು ಎಂದ, ಊಟವೂ ಹಸಿರು ವಾಸನೆ ಹೊಡೆಯುತ್ತಿದೆ ಎಂದ. ಮುಂದಿನ ಕೋಣೆಯಲ್ಲಿ ನರ್ಸಮ್ಮ ಮತ್ತು ಅಕ್ಕ ಸಂಜೆಯೆಲ್ಲ ಮಾತಾಡಿ ನಗುತ್ತಿದ್ದದ್ದು ಅವನಿಗೆ ಗೋಡೆಯ ಮೂಲಕ ಕೇಳುತ್ತಿತ್ತು. ಬುಧವಾರ ಬಂದು, "ಭಾವ, ಆ ಪ್ಯಾಂಟು ಒಂದು ಮುಗಿಸಿಕೊಡಿ, ನಾನು ಹೊರಡ್ತೀನಿ," ಎಂದ.

ಅಂದಾಜಪ್ಪ ಕಪಾಟಿನ ಮೇಲಿಂದ ಬಟ್ಟೆ ತೆಗೆದ. ಅಳತೆ ತೆಗೀಬೇಡ್ವೇನ್ರೀ ಮೊದಲು ಎಂದು ಹೆಂಡತಿ ನೆನಪಿಸಿದಳು. ಬೇಸಿಗೆಯಲ್ಲಿ ಬಂದಾಗಲೇ ಕಣ್ಣಲ್ಲಿ ತೆಗೆದಿಟ್ಟಿದ್ದೇನೆ, ಬಣ್ಣದ ವಿಷಯ ಬೇರೆ, ಇದು ನನ್ನ ಕಸುಬು ಎಂದು ಅವನು ಗುಂಡುಸೂಜಿ ಬಾಯಲ್ಲಿಟ್ಟುಕೊಂಡು ಕೂತ. ಸಂಜೆಯೊಳಗೆ ಹೊಲಿದು ಮುಗಿಸಿದ. ಬೇಸಿಗೆಯಿಂದ ಇಲ್ಲಿಯವರೆಗೆ ಅದೇ ಮನೆಯ ಊಟ ಉಂಡು, ಅದೇ ಮಂಚದ ಮೇಲೆ ಮಲಗಿದ್ದ ಬಾಮೈದನ ಸೊಂಟ ಏನಾಗಿದೆ ಎಂಬುದು ಬೆಳವಣಿಗೆಗೆಂದು ಕೋಣೆಗೂ ಒಂದು ಹಿಡಿ ಬಿಟ್ಟ ಆ ಮನುಷ್ಯನ ತಲೆಗೆ ಬರಲಿಲ್ಲ.

ಕೊನೆಗೆ ಹೊರಟುಹೋದವನು ಬಾಮೈದನೇ. ಗುರುವಾರ ಬೆಳಿಗ್ಗೆ, ಮೊದಲ ಬಸ್ಸಿಗೆ. ಪ್ಯಾಂಟಿನ ಗುಂಡಿ ಕಾಜಕ್ಕೆ ಎಟುಕದೆ ಒಂದು ಕೈಯಿಂದ ಸೊಂಟ ಹಿಡಿದುಕೊಂಡಿದ್ದ. ಇನ್ನೊಂದು ಕೈಯಲ್ಲಿ, ಸೂಪರಿಂಟೆಂಡೆಂಟರು ಉಳಿಯಿತೆಂದು ಹಿಂದಿರುಗಿಸಿದ್ದ ಅರ್ಧ ಬಕೆಟ್ ಬಣ್ಣ, ಭಾವನ ಉಡುಗೊರೆ. ಹಸಿರು ಬೀದಿಯ ತಿರುವಿನಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡಿದ. ಬಾಗಿಲಲ್ಲಿ ಅಕ್ಕ, ನರ್ಸಮ್ಮ ಇಬ್ಬರೂ ಕೈ ಬೀಸುತ್ತಿದ್ದರು. ತಿರುಗಿ ಬೀಸಲು ಅವನಿಗೆ ಕೈ ಖಾಲಿ ಇರಲಿಲ್ಲ.